ಓಲಿಯೊ ಸ್ಟ್ರಟ್ ಎಂದರೇನು?

ಸಣ್ಣ ವಿಮಾನದ ಮೂಗಿನ ಚಕ್ರದ ಮೇಲೆ ಪಳಪಳ ಹೊಳೆಯುವ ಒಂದು ಕೊಳವೆ ಕಾಣುತ್ತದೆ. ಅದು ಓಲಿಯೊ ಸ್ಟ್ರಟ್‌ನ, ಅಂದರೆ ಇಳಿಯುವಾಗಿನ ಪೆಟ್ಟು ತಡೆಯುವ ಚಕ್ರದ ಕಾಲಿನ, ಒಳಗೆ-ಹೊರಗೆ ಜಾರುವ ಪಿಸ್ಟನ್. ಲ್ಯಾಟಿನ್‌ನಲ್ಲಿ ‘ಓಲಿಯಮ್’ ಅಂದರೆ ಎಣ್ಣೆ.

ಮೊದಲು ಒಂದು ಲೆಕ್ಕ. ವಿಮಾನ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿದು ನೆಲ ಮುಟ್ಟಿತು ಅನ್ನಿ. ತೂಕವನ್ನು ಇನ್ನೂ ರೆಕ್ಕೆಗಳೇ ಹೊತ್ತಿವೆ. ಆ ಇಳಿತ 2 ಸೆಂ.ಮೀ.ನಲ್ಲಿ ನಿಂತುಬಿಟ್ಟರೆ, ವಿಮಾನದ ತೂಕದ ಸುಮಾರು 10 ಪಟ್ಟು ಬಲ ಕಾಲುಗಳ ಮೇಲೆ ಬೀಳುತ್ತದೆ. 20 ಸೆಂ.ಮೀ.ನಲ್ಲಿ ನಿಂತರೆ ಸುಮಾರು ಒಂದೇ ಪಟ್ಟು. ಅದಕ್ಕೇ ಕಾಲು ಕುಗ್ಗಬೇಕು.

ಕುಗ್ಗೋದಕ್ಕೆ ಸ್ಪ್ರಿಂಗ್ ಸಾಕಲ್ವಾ? ಸಾಕು ಅಂತ ಮಾಡಿದ ವಿಮಾನಗಳೂ ಇವೆ. ಸೆಸ್ನಾ 172ರ ಎರಡು ಮುಖ್ಯ ಕಾಲುಗಳು ಬರೀ ಸ್ಪ್ರಿಂಗ್ ಉಕ್ಕು. ಆದರೆ ಸ್ಪ್ರಿಂಗ್ ಪೆಟ್ಟನ್ನು ಸಾಲವಾಗಿ ಪಡೆಯುತ್ತದೆ, ಮರುಕ್ಷಣ ವಾಪಸ್ ಕೊಡುತ್ತದೆ. ಜೋರಾಗಿ ಇಳಿಸಿದರೆ ವಿಮಾನ ಪುಟಿಯುತ್ತದೆ. ಪೆಟ್ಟನ್ನು ನುಂಗಿಬಿಡುವ ಏನಾದರೂ ಬೇಕು. ಆ ಕೆಲಸ ಎಣ್ಣೆಯದು.

ಸ್ಟ್ರಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಒಳಗೆ ಕೆಳಗಡೆ ಎಣ್ಣೆ, ಮೇಲೆ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ನಡುವೆ ಸಣ್ಣ ರಂಧ್ರವಿರುವ ತಡೆ. ಚಕ್ರ ನೆಲಕ್ಕೆ ಬಡಿದಾಗ ಪಿಸ್ಟನ್ ಒಳನುಗ್ಗಿ, ಎಣ್ಣೆಯನ್ನು ಆ ರಂಧ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ನುಸುಳುವ ಎಣ್ಣೆ ಬಿಸಿಯಾಗುತ್ತದೆ. ಪೆಟ್ಟಿನ ಶಕ್ತಿ ಹೋಗಿದ್ದು ಅಲ್ಲಿಗೇ.

ನನಗೆ ತುಂಬಾ ಇಷ್ಟವಾದ ಗುಣ ಇನ್ನೊಂದಿದೆ. ನೀರು ತುಂಬಿದ ಸಿರಿಂಜನ್ನು ಮೆಲ್ಲಗೆ ಒತ್ತಿ ನೋಡಿ, ಸುಮ್ನೆ ಜಾರುತ್ತದೆ. ಜೋರಾಗಿ ಒತ್ತಿದರೆ ಎದುರು ನಿಲ್ಲುತ್ತದೆ. ಎಣ್ಣೆಯೂ ಹಾಗೇ. ವೇಗ ಎರಡು ಪಟ್ಟಾದರೆ ಅದರ ವಿರೋಧ ಸುಮಾರು ನಾಲ್ಕು ಪಟ್ಟು. ಹಾಗಾಗಿ ಒರಟಾಗಿ ಇಳಿದಾಗ ಎಣ್ಣೆಯೇ ಜಾಸ್ತಿ ತಡೆಯುತ್ತದೆ. ನೆಲದಲ್ಲಿ ನಿಧಾನ ಓಡುವಾಗ ಸಣ್ಣಪುಟ್ಟ ಉಬ್ಬುಗಳನ್ನು ಗಾಳಿ ನೋಡಿಕೊಳ್ಳುತ್ತದೆ. ಕಾಲು ಮತ್ತೆ ಚಾಚುವಾಗಲೂ ಎಣ್ಣೆ ಅದೇ ಕಿರಿದಾದ ದಾರಿಯಲ್ಲಿ ಇಳಿಯಬೇಕು. ಪುಟಿತ ಅಲ್ಲಿಯೇ ಅಡಗುತ್ತದೆ.

ಪಿಸ್ಟನ್ ಸುಮ್ನೆ ತಿರುಗಿಬಿಡದಂತೆ ಪಕ್ಕದಲ್ಲಿ ಕತ್ತರಿಯಂಥ ಟಾರ್ಕ್ ಲಿಂಕ್ ಇರುತ್ತದೆ.

ಹಾರಾಟಕ್ಕೆ ಮುಂಚೆ ಪೈಲಟ್ ಬಗ್ಗಿ ನೋಡುವುದು ಆ ಹೊಳೆಯುವ ಭಾಗ ಎಷ್ಟು ಹೊರಗಿದೆ ಅಂತ. ಗಾಳಿ ಸೋರಿದ್ದರೆ ಕಾಲು ಕುಸಿದು ಕೂತಿರುತ್ತದೆ. ಅಂಥ ಕಾಲಲ್ಲಿ ಇಳಿದರೆ ಲೋಹಕ್ಕೆ ಲೋಹ ಬಡಿಯಬಹುದು. ನೋಡುವಾಗಲೇ ಆ ಹೊಳೆಯುವ ಭಾಗವನ್ನು ಬಟ್ಟೆಯಿಂದ ಒರೆಸಿಬಿಡುವುದು ಒಳ್ಳೆಯದು. ಅಂಟಿದ ದೂಳು ಒಳಗೆಳೆದುಕೊಂಡು ಹೋದರೆ ಸೀಲ್ ಸವೆದು ಎಣ್ಣೆ ಸೋರಲು ಶುರುವಾಗುತ್ತದೆ.