ಜೇಬಿನ ಚಿಲ್ಲರೆ ಓದೋದು ಹೇಗೆ: ಇಸವಿಯ ಕೆಳಗಿನಿಂದ ಶುರು ಮಾಡಿ

ಮೊದಲು ಒಂದು ಸಣ್ಣ ಪ್ರಯೋಗ. ಚಿಲ್ಲರೆ ಡಬ್ಬಿಯಿಂದ ಎರಡು ನಾಣ್ಯ ಹುಡುಕಿ. ಒಂದು, ಹೆಬ್ಬೆರಳು ಎತ್ತಿದ ಕೈ ಇರುವ ಹಳೆಯ ಒಂದು ರೂಪಾಯಿ, ಇಸವಿ 2007 ಅಥವಾ ಅದರ ಆಚೀಚೆ. ಇನ್ನೊಂದು, 2011ರ ನಂತರದ ಎರಡು ರೂಪಾಯಿ, ರೂಪಾಯಿ ಚಿಹ್ನೆ ಇರುವುದು. ಎರಡನ್ನೂ ಅಂಗೈಯಲ್ಲಿ ಕುಲುಕಿ, ಕಣ್ಣು ಮುಚ್ಚಿ, ಯಾವುದು ಎಷ್ಟರದ್ದು ಹೇಳಿ ನೋಡೋಣ.

ಆಗಲ್ಲ. ನಿಮ್ಮ ತಪ್ಪಲ್ಲ. ಎರಡೂ 25 ಮಿ.ಮೀ. ಅಗಲ, ಎರಡೂ 4.85 ಗ್ರಾಂ ತೂಕ, ಎರಡೂ ಸ್ಟೀಲು. ಹಿಂದೆ ಒಂದು ರೂಪಾಯಿಗೆ ಇದ್ದ ಅಳತೆಯನ್ನೇ 2011ರಲ್ಲಿ ಎರಡು ರೂಪಾಯಿಗೆ ಕೊಟ್ಟರು, ಒಂದು ರೂಪಾಯಿಯನ್ನು ಇನ್ನೂ ಚಿಕ್ಕದು ಮಾಡಿದರು. ಆದರೆ ಹಳೆಯದು ವಾಪಸ್ ಹೋಗಲಿಲ್ಲ, ಹೊಸದರ ಜೊತೆಗೇ ಓಡಾಡುತ್ತಿದೆ. ಸಂಜೆ ಹೊತ್ತು ಬಸ್ಸಿನಲ್ಲಿ ಕಂಡಕ್ಟರ್ ಒಂದು ರೂಪಾಯಿಯನ್ನು ಎರಡು ಅಂದುಕೊಂಡು ಕೊಟ್ಟರೆ ಬೈಯಬೇಡಿ, ಅವರ ಬೆರಳಿಗೆ ವ್ಯತ್ಯಾಸ ಗೊತ್ತಾಗಲು ದಾರಿಯೇ ಇಲ್ಲ.

ನಾನು ನಾಣ್ಯ ನೋಡೋಕೆ ಶುರು ಮಾಡಿದ್ದೇ ಈ ಕಾರಣಕ್ಕೆ. ಸಂಗ್ರಹಕಾರ ಅಲ್ಲ, ದುಡ್ಡು ಕೊಟ್ಟು ಒಂದು ನಾಣ್ಯವನ್ನೂ ಕೊಂಡಿಲ್ಲ. ಜೇಬಿಗೆ ತಾನಾಗಿ ಬಂದದ್ದನ್ನು ಓದಲು ಕಲಿತೆ, ಅಷ್ಟೇ. ಕಲಿಯುವಾಗ ಎಡವಿದ ಜಾಗಗಳನ್ನೂ ಸೇರಿಸಿ ಬರೆದಿದ್ದೇನೆ, ನೀವು ಅಲ್ಲೇ ಎಡವಬಾರದು ಅಂತ.

ಮೊದಲ ಪಾಠ ಇಸವಿಯ ಕೆಳಗೆ ಇದೆ. ನಾಣ್ಯದ ಮೇಲಿನ ಇಸವಿ ನೋಡಿ, ಅದರ ಕೆಳಗೆ ನಡುವೆ ಒಂದು ಪುಟ್ಟ ಗುರುತು ಇದೆಯಾ ಅಂತ ಹುಡುಕಿ. ಬೆಳಕಿಗೆ ಸ್ವಲ್ಪ ಓರೆ ಹಿಡಿದರೆ ಚೆನ್ನಾಗಿ ಕಾಣುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಇನ್ನೂ ಸುಲಭ. ಇಸ್ಪೀಟಿನ ಡೈಮಂಡ್ ಥರ ಇದ್ದರೆ ಅದು ಮುಂಬೈ ಟಂಕಸಾಲೆಯದು, ಅಂದರೆ ಅಲ್ಲಿನ ನಾಣ್ಯ ಅಚ್ಚು ಹಾಕುವ ಕಾರ್ಖಾನೆಯದು. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆಯ ಚುಕ್ಕಿ ಇದ್ದರೆ ನೊಯಿಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಈ 'ಏನೂ ಇಲ್ಲ' ಅನ್ನುವುದೇ ನನ್ನ ಮೊದಲ ಎಡವಟ್ಟು. ಗುರುತಿಲ್ಲದ ಐದು ರೂಪಾಯಿ ಸಿಕ್ಕಿತು. ಅಚ್ಚು ಹಾಕುವಾಗ ಗುರುತು ಬಿಟ್ಟುಹೋಗಿದೆ, ಇದು ಅಪರೂಪದ್ದು ಅಂದುಕೊಂಡು ಒಂದು ವಾರ ಅದನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೆ. ಆಮೇಲೆ ನೋಡಿದರೆ ಡಬ್ಬಿಯಲ್ಲಿ ಅಂಥವೇ ಒಂಬತ್ತು. ಕೋಲ್ಕತ್ತದವರು ಗುರುತು ಹಾಕುವುದೇ ಇಲ್ಲ, ಗುರುತು ಇಲ್ಲದಿರುವುದೇ ಅವರ ಗುರುತು. ಹತ್ತಿ ಮಾತ್ರ ವೇಸ್ಟ್ ಆಯಿತು.

ಈ ನಾಲ್ಕರಲ್ಲಿ ನೊಯಿಡಾ ಕಿರಿಯದು, 1988ರಲ್ಲಿ ಶುರುವಾದದ್ದು. ಹೈದರಾಬಾದಿನ ಟಂಕಸಾಲೆ ನಿಜಾಮರ ಕಾಲದ್ದು. ಹಾಗಾಗಿ ಚುಕ್ಕಿ ಇರುವ ನಾಣ್ಯದ ಮೇಲೆ 1980ನೇ ಇಸವಿ ಕಂಡರೆ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿ. ಅದು ಗುರುತಲ್ಲ, ಕೊಳೆ ಇರಬೇಕು.

ಇನ್ನೊಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. ನಮ್ಮ ರೂಪಾಯಿಗಳೆಲ್ಲ ನಮ್ಮ ದೇಶದಲ್ಲೇ ಅಚ್ಚಾಗಿಲ್ಲ. ಇಲ್ಲಿನ ಟಂಕಸಾಲೆಗಳಿಗೆ ಬೇಡಿಕೆ ಪೂರೈಸಲು ಆಗದೆ ಇದ್ದಾಗ ಹೊರದೇಶಕ್ಕೆ ಆರ್ಡರ್ ಕೊಟ್ಟಿದ್ದರು. 1985ರ ಒಂದು ರೂಪಾಯಿಯ ಕೆಳಗೆ 'ಎಚ್' ಅನ್ನುವ ಇಂಗ್ಲಿಷ್ ಅಕ್ಷರ ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಯದು. ಅದೇ ವರ್ಷದ ಐವತ್ತು ಪೈಸೆಯಲ್ಲಿ ನಕ್ಷತ್ರ ಇಸವಿಯ ನಡುವೆ ಇರದೆ ಮೊದಲ ಅಂಕಿಯ, ಅಂದರೆ ಒಂದರ, ಕೆಳಗೆ ಇದ್ದರೆ ಅದು ಹೈದರಾಬಾದಿನದಲ್ಲ, ದಕ್ಷಿಣ ಕೊರಿಯಾದ್ದು. ಆ ವರ್ಷದ ಒಂದು ರೂಪಾಯಿಯಲ್ಲಿ ಡೈಮಂಡ್ ಮೊದಲ ಅಂಕಿಯ ಕೆಳಗಿದ್ದರೆ ಮುಂಬೈ ಅಲ್ಲ, ಬ್ರಿಟನ್ನಿನ ರಾಯಲ್ ಮಿಂಟ್. ಗುರುತು ಯಾವುದು ಅನ್ನುವುದರ ಜೊತೆಗೆ ಎಲ್ಲಿ ಕೂತಿದೆ ಅನ್ನುವುದನ್ನೂ ನೋಡಬೇಕು. ನಮ್ಮ ಬರವಣಿಗೆಯಲ್ಲಿ ಒತ್ತಕ್ಷರ ಜಾಗ ತಪ್ಪಿದರೆ ಪದವೇ ಬದಲಾಗುತ್ತದಲ್ಲ, ಹಾಗೆ. 1998ರ ಒಂದು ರೂಪಾಯಿಯಲ್ಲಿ 'ಎಂಕೆ' ಅಂತ ಇದ್ದರೆ ಅದು ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಊರಿನದು. 1999ರ ಐದು ರೂಪಾಯಿಯಲ್ಲಿ ಮಾಸ್ಕೋ ಟಂಕಸಾಲೆಯ ಗುರುತು ಇರುವುದೂ ಉಂಟು, ರಷ್ಯನ್ ಅಕ್ಷರಗಳಲ್ಲಿ. ಯೋಚಿಸಿ, ಮಾಸ್ಕೋದಿಂದ ಹಡಗು ಹತ್ತಿ ಬಂದ ನಾಣ್ಯಕ್ಕೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು.

ಎರಡನೇ ಪಾಠಕ್ಕೆ ಒಂದು ಆಯಸ್ಕಾಂತ ಬೇಕು. ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯದ್ದೂ ಆಗುತ್ತದೆ. ನಾಣ್ಯಕ್ಕೆ ತಾಗಿಸಿ. ಹಿಡಿದುಕೊಂಡರೆ ಸ್ಟೀಲು. ಹಿಡಿಯದಿದ್ದರೆ ತಾಮ್ರ-ನಿಕ್ಕಲ್ ಅಥವಾ ಹಿತ್ತಾಳೆಯ ಜಾತಿ. ಸ್ಟೀಲ್ ಪಾತ್ರೆ ಆಯಸ್ಕಾಂತಕ್ಕೆ ಹಿಡಿಯಲ್ಲವಲ್ಲ ಅಂತ ಕೇಳಬಹುದು. ಪಾತ್ರೆಯ ಸ್ಟೀಲಿನಲ್ಲಿ ಸಾಮಾನ್ಯವಾಗಿ ನಿಕ್ಕಲ್ ಸೇರಿರುತ್ತದೆ. ನಾಣ್ಯದ್ದರಲ್ಲಿ ಬರೀ ಕಬ್ಬಿಣ ಮತ್ತು ಕ್ರೋಮಿಯಂ, ಸುಮಾರು 83ಕ್ಕೆ 17ರ ಪ್ರಮಾಣ. ನಿಕ್ಕಲ್ ದುಬಾರಿ, ಅದನ್ನು ಬಿಟ್ಟರೆ ಖರ್ಚು ಉಳಿಯುತ್ತದೆ.

ಇದೇ ಆಯಸ್ಕಾಂತ ಹಿಡಿದು ನಾಣ್ಯಗಳನ್ನು ಇಸವಿ ಪ್ರಕಾರ ಜೋಡಿಸಿದರೆ ಒಂದು ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಹನ್ನೊಂದು ಮೂಲೆಯ ಎರಡು ರೂಪಾಯಿ ನೆನಪಿದೆಯಾ? ಭಾರತದ ಭೂಪಟ ಇರುವುದು. ಅದು ತಾಮ್ರ-ನಿಕ್ಕಲ್, ಆಯಸ್ಕಾಂತಕ್ಕೆ ಹಿಡಿಯಲ್ಲ. ಆಮೇಲಿನ ದುಂಡು ಎರಡು ರೂಪಾಯಿ ಸ್ಟೀಲು, ಹಿಡಿಯುತ್ತದೆ. ಹಳೆಯ ದಪ್ಪ ಐದು ರೂಪಾಯಿ, ಅಂಚಿನಲ್ಲಿ ಸುತ್ತಲೂ ಕಾಲುವೆಯಂಥ ಗೆರೆ ಇರುವುದು, 9 ಗ್ರಾಂ ತೂಗುತ್ತದೆ, ಹಿಡಿಯಲ್ಲ. 2007ರ ಸಪೂರ ಐದು ರೂಪಾಯಿ 6 ಗ್ರಾಂ, ಹಿಡಿಯುತ್ತದೆ. ಆ ದಪ್ಪ ನಾಣ್ಯಗಳನ್ನು ಗಡಿ ದಾಟಿಸಿ ಬಾಂಗ್ಲಾದೇಶದಲ್ಲಿ ಕರಗಿಸಿ ಬ್ಲೇಡು ಮಾಡುತ್ತಾರೆ ಅಂತ ಆಗ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ನಾಣ್ಯ ಜೇಬಿನಲ್ಲಿ ನಿಲ್ಲಲ್ಲ. ಅದಕ್ಕೇ ಲೋಹ ಬದಲಾಯಿತು, ತೂಕ ಇಳಿಯಿತು, ಕೊನೆಗೆ ಮೂಲೆಗಳೂ ಹೋದವು. ಮೊದಲ ಪ್ಯಾರಾದ ಗೊಂದಲದ ಬೇರು ಇಲ್ಲಿದೆ.

ಹಿಂದೆ ಹೀಗಿರಲಿಲ್ಲ ಅನ್ನುವುದಕ್ಕೆ ಅಜ್ಜಿಯ ಪೆಟ್ಟಿಗೆ ಇದ್ದರೆ ತೆಗೆದು ನೋಡಿ. 1957ರ ಏಪ್ರಿಲ್ 1ರಂದು ಆಣೆ ಲೆಕ್ಕ ಹೋಗಿ ನೂರು ಪೈಸೆಯ ಲೆಕ್ಕ ಬಂತು. ಆಗ ಬಂದ ಐದು ಪೈಸೆ ಚೌಕ, ಎರಡು ಮತ್ತು ಹತ್ತು ಪೈಸೆಗೆ ಹೂವಿನ ಎಸಳಿನ ಹಾಗೆ ಅಲೆಯಲೆಯಾದ ಅಂಚು. ಆಮೇಲೆ ಬಂದ ಮೂರು ಪೈಸೆಗೆ ಆರು ಮೂಲೆ. ಬೆರಳಿಗೆ ತಾಗಿದರೆ ಸಾಕು, ಕಣ್ಣು ಬೇಕಿರಲಿಲ್ಲ. ಹೊಸ ಲೆಕ್ಕ ಬಂದರೂ ನಮ್ಮ ಬಾಯಿ ಮಾತ್ರ ಹಳೆಯದನ್ನು ಬಿಡಲಿಲ್ಲ ನೋಡಿ, ಘೇಂಡಾಮೃಗ ಇದ್ದ ಇಪ್ಪತ್ತೈದು ಪೈಸೆಯನ್ನೂ ನಾಲ್ಕಾಣೆ ಅಂತಲೇ ಕರೆದೆವು, ಐವತ್ತು ಪೈಸೆ ಇವತ್ತಿಗೂ ಎಂಟಾಣೆ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಎಂಟಾಣೆ ಕಾನೂನಿನ ಪ್ರಕಾರ ಈಗಲೂ ನಡೆಯುತ್ತದೆ, ಅಂಗಡಿಯಲ್ಲಿ ಮಾತ್ರ ನಡೆಯಲ್ಲ.

ಈಗ ಚಿತ್ರಗಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟ 2007ರ ಕೈಗಳ ಸರಣಿ. ಐವತ್ತು ಪೈಸೆಗೆ ಮುಚ್ಚಿದ ಮುಷ್ಟಿ, ಒಂದು ರೂಪಾಯಿಗೆ ಮುಷ್ಟಿಯ ಮೇಲೆ ಎದ್ದು ನಿಂತ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು. ಬಹಳ ಜನ ಇದನ್ನು 'ಲೈಕ್' ಬಟನ್ ಅಂತ ನಗಾಡುತ್ತಾರೆ. ಭರತನಾಟ್ಯ ಕಲಿತ ಹುಡುಗಿಯನ್ನು ಕೇಳಿ, ಅವಳು ಮುಷ್ಟಿ, ಶಿಖರ, ಕರ್ತರೀಮುಖ ಅಂತ ಪಟಪಟನೆ ಹೇಳುತ್ತಾಳೆ. ಇವು ನೃತ್ಯದ ಹಸ್ತಮುದ್ರೆಗಳು. ಓದು ಬರದವರೂ ಬೆರಳು ಎಣಿಸಿ ಬೆಲೆ ತಿಳಿಯಬಹುದು. ಚಿತ್ರ ಬುದ್ಧಿವಂತಿಕೆಯದೇ, ಆದರೆ ಅಳತೆ ಕೈಕೊಟ್ಟಿತು.

ಅದಕ್ಕೂ ಮುಂಚಿನ ಸ್ಟೀಲಿನ ಎರಡು ರೂಪಾಯಿಯಲ್ಲಿ ಗೆರೆಗಳು ಒಂದನ್ನೊಂದು ದಾಟಿ, ನಡುವೆ ನಾಲ್ಕು ಚುಕ್ಕಿ ಇರುವ ವಿನ್ಯಾಸ ಇದೆ. 'ವಿವಿಧತೆಯಲ್ಲಿ ಏಕತೆ' ಅನ್ನುವುದು ಅದರ ಅರ್ಥ. ಅದನ್ನು ಶಿಲುಬೆ ಅಂತ ಓದಿ ಆಗ ಕೆಲವರು ಗಲಾಟೆಯನ್ನೂ ಮಾಡಿದ್ದರು. ಅದೇ ಚಿತ್ರ ಮೊದಲ ಹತ್ತು ರೂಪಾಯಿ ನಾಣ್ಯದಲ್ಲೂ ಇತ್ತು. ಅದರ ಮೇಲೆ ಇಸವಿ 2005, ಜನರ ಕೈಗೆ ಬಂದದ್ದು 2009ರಲ್ಲಿ. ಆದ್ದರಿಂದ ನಾಣ್ಯದ ಮೇಲಿನ ಇಸವಿಯೇ ಅದು ಬಿಡುಗಡೆಯಾದ ವರ್ಷ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ.

ಹತ್ತು ರೂಪಾಯಿ ಅಂದಮೇಲೆ ಅದರ ಜಗಳ ಬಿಡೋಕಾಗಲ್ಲ. 2008ರ ವಿನ್ಯಾಸದಲ್ಲಿ ಮೇಲ್ಗಡೆ ಹದಿನೈದು ಕಿರಣ, ರೂಪಾಯಿ ಚಿಹ್ನೆ ಇಲ್ಲ. 2011ರದ್ದರಲ್ಲಿ ಹತ್ತು ಕಿರಣ, ಚಿಹ್ನೆ ಇದೆ. ಇಷ್ಟೇ ವ್ಯತ್ಯಾಸ. ಯಾರೋ 'ಹದಿನೈದು ಗೆರೆ ಇದ್ದರೆ ನಕಲಿ' ಅಂತ ವಾಟ್ಸಾಪಿನಲ್ಲಿ ಹಾಕಿದರು, ಊರೆಲ್ಲ ನಂಬಿತು. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದೇ 2010ರ ಜುಲೈಯಲ್ಲಿ, 2008ರ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹತ್ತು ರೂಪಾಯಿಯ 14 ವಿನ್ಯಾಸಗಳಿವೆ, ಎಲ್ಲವೂ ಅಸಲಿ ಅಂತ ಹೇಳಿತು. ನಮ್ಮ ಬೀದಿಯ ಕಿರಾಣಿ ಅಂಗಡಿಯವರಿಗೆ ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀವು ಹೇಳೋದು ಸರಿ ಸಾರ್, ಆದ್ರೆ ನಾನು ತಗೊಂಡ್ರೆ ನನ್ನ ಹತ್ರ ಯಾರು ತಗೋತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಮರಣಾರ್ಥ ನಾಣ್ಯಗಳು, ಅಂದರೆ ಒಬ್ಬರ ಅಥವಾ ಒಂದು ಘಟನೆಯ ನೆನಪಿಗೆ ಹೊರಡಿಸಿದವು, ಮಾಮೂಲಿ ಚಿಲ್ಲರೆಯ ನಡುವೆ ಬೆರೆತು ಬರುತ್ತವೆ. 2006ರ ಐದು ರೂಪಾಯಿಯಲ್ಲಿ ನಮ್ಮ ಬಸವಣ್ಣ ಇದ್ದಾರೆ, ಹೆಸರು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲಿನಲ್ಲಿದೆ, ದಿನಬಳಕೆಯ ನಾಣ್ಯದಲ್ಲಿ ಆ ಪಟ್ಟಿ ಇಲ್ಲ. ಆದರೂ 2009ರ ಅಣ್ಣಾದುರೈ ಐದು ರೂಪಾಯಿಯಲ್ಲಿ ತಮಿಳು ಅಕ್ಷರ ಕಾಣುತ್ತದೆ, ಅವರ ಸಹಿಯನ್ನೇ ಅಚ್ಚು ಹಾಕಿರುವುದರಿಂದ. ಸಹಿಯ ದಾರಿಯಿಂದ ಒಳಗೆ ಬಂದ ಭಾಷೆ! ಬಸವಣ್ಣನವರ ಸಹಿ ಎಲ್ಲಿಂದ ತರೋಣ, ವಚನಗಳ ಅಂಕಿತವನ್ನಾದರೂ ಹಾಕಬಹುದಿತ್ತು ಅಂತ ನನಗೆ ಆಸೆ. ಅದೇ 2009ರ ಲೂಯಿ ಬ್ರೈಲ್ ಎರಡು ರೂಪಾಯಿಯಲ್ಲಿ ಬ್ರೈಲ್ ಚುಕ್ಕಿಗಳೂ ಇವೆ.

ವೈಷ್ಣೋದೇವಿ ಚಿತ್ರದ ನಾಣ್ಯವೋ, ಘೇಂಡಾಮೃಗದ ನಾಲ್ಕಾಣೆಯೋ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ಮೊದಲು ಕಮಿಷನ್ ಕಳಿಸಿ ಅನ್ನುತ್ತಾರೆ, ಕಳಿಸಿದ ಮೇಲೆ ಫೋನ್ ಎತ್ತಲ್ಲ. 2021ರಲ್ಲಿ ರಿಸರ್ವ್ ಬ್ಯಾಂಕೇ ಇಂಥವರ ಬಗ್ಗೆ ಎಚ್ಚರಿಸಿತ್ತು.

2019ರ ಸರಣಿಯನ್ನೂ ನೋಡಬೇಕು. ತೆನೆಗಳ ಚಿತ್ರ ಇರುವುದು. ಒಂದು ರೂಪಾಯಿ 20 ಮಿ.ಮೀ., ಎರಡು 23, ಐದು 25, ಹತ್ತು 27. ಇಪ್ಪತ್ತು ರೂಪಾಯಿಯೂ 27, ಆದರೆ ಅದಕ್ಕೆ ಹನ್ನೆರಡು ಮೂಲೆ. ಬೆಲೆ ಏರಿದಂತೆ ತೂಕವೂ ಏರುತ್ತದೆ. ಕಣ್ಣು ಕಾಣದವರಿಗೆ ಅನುಕೂಲವಾಗಲಿ ಅಂತಲೇ ಹೀಗೆ ಮಾಡಿದ್ದು. ಸುತ್ತಿ ಬಳಸಿ ಮತ್ತೆ ಮೂಲೆಗಳಿಗೇ ಬಂದೆವು, ಅಲ್ವಾ? ತಮಾಷೆ ಏನೆಂದರೆ, ಈ ಹೊಸ ಐದು ರೂಪಾಯಿಯ ಅಗಲವೂ ಹೆಬ್ಬೆರಳಿನ ಒಂದು ರೂಪಾಯಿಯಷ್ಟೇ. ಅದು ಹಳದಿ, ತೂಕವೂ ಜಾಸ್ತಿ ಅನ್ನುವುದೇ ಸಮಾಧಾನ.

ಕೊನೆಗೆ ನೀವು ಹುಡುಕಬೇಕಾದ ಒಂದು ನಾಣ್ಯ. 2003ರ ಎರಡು ರೂಪಾಯಿ, ಭಾರತೀಯ ರೈಲಿನ 150 ವರ್ಷದ ನೆನಪಿನದು. ಅದರಲ್ಲಿ ಗಾರ್ಡ್ ವೇಷದ ಆನೆ ಮರಿ ಲಾಟೀನು ಹಿಡಿದು ನಿಂತಿದೆ. ಅದರ ಹೆಸರು ಭೋಲು. 2002ರ ಏಪ್ರಿಲ್ 16ರಂದು ಅದನ್ನು ಮೊದಲು ಜನರಿಗೆ ತೋರಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಹಸಿರು ನಿಶಾನೆ ತೋರಿಸುವ ಹೊತ್ತಿನಲ್ಲಿ. ನನಗೆ ಈ ನಾಣ್ಯ ಒಮ್ಮೆ ಸಿಕ್ಕಿತ್ತು, ಆಗ ಇದೆಲ್ಲ ಗೊತ್ತಿರಲಿಲ್ಲ, ಆನೆ ಚೆನ್ನಾಗಿದೆ ಅಂದುಕೊಂಡು ಹೂವಿನವರಿಗೆ ಕೊಟ್ಟುಬಿಟ್ಟೆ. ಆಮೇಲಿಂದ ಆ ಹೂವಿನಂಗಡಿಯಲ್ಲಿ ಚಿಲ್ಲರೆ ವಾಪಸ್ ಕೊಟ್ಟಾಗಲೆಲ್ಲ ಅಲ್ಲೇ ನಿಂತು ತಿರುಗಿಸಿ ನೋಡುತ್ತೇನೆ. ಆಯಮ್ಮ ನಾನು ದುಡ್ಡು ಎಣಿಸುತ್ತಿದ್ದೇನೆ ಅಂದುಕೊಂಡಿದ್ದಾರೆ.