ಹನ್ನೆರಡು ಸಿಲಿಂಡರ್, ಸದ್ದು ಮಾತ್ರ ಇಲ್ಲ

ಹಳೆಯ ಟೊಯೊಟಾ ಸೆಂಚುರಿ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಒಂದು ವಿಚಿತ್ರ ಸೌಕರ್ಯ ಇದೆ. ಅದರ ಬೆನ್ನಿನ ನಡುಭಾಗವನ್ನು ಮಡಚಬಹುದು. ಮಡಚಿದರೆ ಅಲ್ಲೊಂದು ಕಿಂಡಿ. ಹಿಂದೆ ಕೂತವರು ಶೂ ಬಿಚ್ಚಿ, ಆ ಕಿಂಡಿಯಲ್ಲಿ ಕಾಲು ತೂರಿಸಿ, ಆರಾಮಾಗಿ ಚಾಚಿಕೊಳ್ಳಬಹುದು. ಆಗ ಮುಂದಿನ ಸೀಟಲ್ಲಿ ಯಾರೂ ಕೂರುವ ಹಾಗಿಲ್ಲ, ಅಷ್ಟೇ. ಈ ಕಾರು ಯಾರಿಗಾಗಿ ಮಾಡಿದ್ದು ಅಂತ ಆ ಕಿಂಡಿಯೇ ಹೇಳಿಬಿಡುತ್ತದೆ.

ಕಾರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಟೀರಿಂಗ್ ಹೇಗಿದೆ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ಶುರು ಮಾಡುತ್ತಾರೆ. ಸೆಂಚುರಿ ವಿಷಯದಲ್ಲಿ ಅವೆರಡೂ ಬೇಡದ ಪ್ರಶ್ನೆ. ಇದರ ಮಾಲೀಕ ಸ್ಟೀರಿಂಗ್ ಮುಟ್ಟುವುದೇ ಇಲ್ಲ. ಅವನು ದೊಡ್ಡ ಕಂಪನಿಯ ಅಧ್ಯಕ್ಷನೋ, ಮಂತ್ರಿಯೋ ಆಗಿರುತ್ತಾನೆ, ಹಿಂದೆ ಕೂತು ಫೈಲು ಓದುತ್ತಿರುತ್ತಾನೆ. ಹಾಗಾಗಿ ಎಂಜಿನಿಯರ್‌ಗಳ ಮುಂದೆ ಇದ್ದದ್ದು ಬೇರೆಯದೇ ಸವಾಲು. ಕಾರು ಓಡುತ್ತಿದೆ ಅನ್ನೋದು ಆ ಮನುಷ್ಯನ ಮೈಗೆ, ಕಿವಿಗೆ ಎಷ್ಟು ಕಡಿಮೆ ಗೊತ್ತಾಗಬೇಕೋ ಅಷ್ಟು ಕಡಿಮೆ ಗೊತ್ತಾಗಬೇಕು. ಈ ಕಾರಿನ ಮೋಡಿ ಇವತ್ತಿಗೂ ಇಳಿಯದೆ ಇರುವುದಕ್ಕೆ ಈ ಒಂದೇ ಹಟ ಕಾರಣ ಅಂತ ನನಗೆ ಅನಿಸುತ್ತದೆ.

ಸೆಂಚುರಿ ಬಂದದ್ದು 1967ರಲ್ಲಿ. ಟೊಯೊಟಾ ಉದ್ಯಮಕ್ಕೆ ಬುನಾದಿ ಹಾಕಿದ ಸಾಕಿಚಿ ಟೊಯೊಡಾ ಹುಟ್ಟಿ ಆಗ ನೂರು ವರ್ಷ ತುಂಬಿತ್ತು. ಅದಕ್ಕೇ ಆ ಹೆಸರು. ಮೊದಲ ಮಾದರಿಯಲ್ಲಿ ವಿ-8 ಎಂಜಿನ್, ಅಂದರೆ ಎಂಟು ಸಿಲಿಂಡರ್‌ಗಳನ್ನು ಎರಡು ಸಾಲಾಗಿ ‘ವಿ’ ಆಕಾರದಲ್ಲಿ ಜೋಡಿಸಿದ ಎಂಜಿನ್ ಇತ್ತು. ಎಂಜಿನ್ ಕಾಲಕಾಲಕ್ಕೆ ದೊಡ್ಡದಾಯಿತು, ಅಲ್ಲಿ ಇಲ್ಲಿ ಸಣ್ಣಪುಟ್ಟ ತಿದ್ದುಪಡಿ ಆಯಿತು, ಆದರೆ ಕಾರಿನ ಆಕಾರ ಮೂವತ್ತು ವರ್ಷ ಹೆಚ್ಚುಕಡಿಮೆ ಹಾಗೇ ಉಳಿಯಿತು. 1997ರಲ್ಲಿ ಎರಡನೇ ತಲೆಮಾರು ಬಂತು. ಅದನ್ನು ನೋಡಿದರೂ ಥಟ್ಟನೆ ಹಳೆಯದೇ ಅನಿಸುತ್ತದೆ. ಅದೇ ನೇರ ಗೆರೆಗಳು, ಅದೇ ಉದ್ದ ಬಾನೆಟ್. ಒಳಗಿನ ಕತೆ ಮಾತ್ರ ಪೂರ್ತಿ ಬೇರೆ.

ಆ ಬಾನೆಟ್ ಎತ್ತಿದರೆ ಕಾಣುವುದು 4,996 ಸಿಸಿಯ ವಿ-12 ಎಂಜಿನ್. ಟೊಯೊಟಾ ಇದನ್ನು 1ಜಿಝಡ್-ಎಫ್ಇ ಅಂತ ಕರೆಯಿತು. ಜನರಿಗೆ ಮಾರುವ ಕಾರಿನ ಮುಂಭಾಗದಲ್ಲಿ ಹನ್ನೆರಡು ಸಿಲಿಂಡರ್ ಕೂರಿಸಿದ ಜಪಾನಿ ಕಂಪನಿ ಬೇರೊಂದಿಲ್ಲ. ಇಟಲಿಯವರು ಹನ್ನೆರಡು ಸಿಲಿಂಡರ್ ಹಾಕುವುದು ವೇಗಕ್ಕೆ, ಮೈ ಜುಮ್ಮೆನ್ನಿಸುವ ಸದ್ದಿಗೆ. ಇವರು ಹಾಕಿದ್ದು ಸದ್ದಡಗಿಸುವುದಕ್ಕೆ! ಸಿಲಿಂಡರ್ ಜಾಸ್ತಿಯಾದರೆ ಸದ್ದು ಕಡಿಮೆಯಾಗುವುದು ಹೇಗೆ?

ಮಾಮೂಲಿ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ ತಗೊಳ್ಳಿ. ಸಿಲಿಂಡರ್ ಅಂದರೆ ಇಂಧನ ಉರಿಯುವ ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವುದು ಪಿಸ್ಟನ್. ಎರಡು ಪಿಸ್ಟನ್ ಮೇಲೆ ಹೋಗುವಾಗ ಇನ್ನೆರಡು ಕೆಳಗೆ ಬರುತ್ತವೆ. ಇವುಗಳ ಕುಲುಕಾಟ ಅವುಗಳಿಗೆ ವಜಾ ಆಗಿ ಲೆಕ್ಕ ಚುಕ್ತಾ ಆಗಬೇಕಲ್ವಾ? ಪೂರ್ತಿ ಆಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ಪಿಸ್ಟನ್ನಿನ ಓಡಾಟದಿಂದ ಗಿರಗಿರ ತಿರುಗುವ ದಂಡಕ್ಕೆ) ಸೇರಿಸುವ ಕನೆಕ್ಟಿಂಗ್ ರಾಡ್ ತಿರುಗುತ್ತಾ ಓರೆಯಾಗುತ್ತದೆ. ಇದರಿಂದಾಗಿ ಪಿಸ್ಟನ್ ತನ್ನ ಹಾದಿಯ ಮೇಲಿನ ಅರ್ಧವನ್ನು ಬೇಗ ದಾಟುತ್ತದೆ, ಕೆಳಗಿನ ಅರ್ಧವನ್ನು ತುಸು ನಿಧಾನವಾಗಿ ದಾಟುತ್ತದೆ. ಮೇಲಿನಿಂದ ಹೊರಟ ಜೋಡಿ ಅರ್ಧ ದಾರಿ ದಾಟಿರುತ್ತದೆ, ಕೆಳಗಿನಿಂದ ಹೊರಟ ಜೋಡಿ ಇನ್ನೂ ಅರ್ಧಕ್ಕೆ ಬಂದಿರುವುದಿಲ್ಲ. ಲೆಕ್ಕದಲ್ಲಿ ಉಳಿದ ಆ ಚೂರು ಬಾಕಿ ಇಡೀ ಎಂಜಿನ್ನನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತದೆ, ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ.

ಆರು ಸಿಲಿಂಡರ್‌ಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಈ ಬಾಕಿಯೂ ತೀರುತ್ತದೆ. ಪಿಸ್ಟನ್‌ಗಳು ಜೋಡಿ ಜೋಡಿಯಾಗಿ 120 ಡಿಗ್ರಿ ಅಂತರದಲ್ಲಿ ಓಡುವುದರಿಂದ ದೊಡ್ಡ ಕುಲುಕಾಟ, ಉಳಿಕೆಯ ಸಣ್ಣ ಕುಲುಕಾಟ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ವಿ-12 ಅಂದರೆ ಇಂಥ ಎರಡು ಸಾಲುಗಳನ್ನು 60 ಡಿಗ್ರಿ ಕೋನದಲ್ಲಿ ಒಂದೇ ಕ್ರ್ಯಾಂಕ್‌ಗೆ ಜೋಡಿಸಿದ್ದು. ಸಮತೋಲ ಆರರಲ್ಲೇ ಸಿಕ್ಕಿತಲ್ಲ, ಮತ್ತೆ ಹನ್ನೆರಡು ಯಾಕೆ? ಅದಕ್ಕೆ ಬೆಂಕಿಯ ಲೆಕ್ಕ ನೋಡಬೇಕು.

ಪ್ರತಿ ಸಿಲಿಂಡರ್‌ನಲ್ಲಿ ಇಂಧನ ಹೊತ್ತಿಕೊಳ್ಳುವುದು ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ. ಹೊತ್ತಿಕೊಂಡಾಗ ಸಿಗುವ ನೂಕು ಹೆಚ್ಚೆಂದರೆ ಅರ್ಧ ಸುತ್ತು ಇರುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಒಂದರ ನೂಕು ಮುಗಿದ ಮೇಲೇ ಇನ್ನೊಂದರದ್ದು ಶುರು. ಮಧ್ಯೆ ಒಂದು ಕ್ಷಣ ಯಾರೂ ನೂಕುತ್ತಿರುವುದಿಲ್ಲ. ಹನ್ನೆರಡರಲ್ಲಿ ಪ್ರತಿ 60 ಡಿಗ್ರಿಗೆ ಒಂದು ನೂಕು. ಯಾವ ಗಳಿಗೆಯಲ್ಲಿ ನೋಡಿದರೂ ಎರಡೋ ಮೂರೋ ಸಿಲಿಂಡರ್ ಕೆಲಸದಲ್ಲಿರುತ್ತವೆ. ತೇರಿನ ಹಗ್ಗವನ್ನು ಒಬ್ಬೊಬ್ಬರೇ ಸರದಿ ಮೇಲೆ ಜಗ್ಗಿದರೆ ತೇರು ಕುಕ್ಕುತ್ತಾ ಹೋಗುತ್ತದೆ, ಎರಡು ಮೂರು ಜನರ ಕೈ ಸದಾ ಹಗ್ಗದ ಮೇಲಿದ್ದರೆ ಉರುಳುತ್ತಾ ಹೋಗುತ್ತದೆ.

ಇನ್ನೊಂದು ಲಾಭವೂ ಇದೆ. ಸಿಗ್ನಲ್‌ನಲ್ಲಿ ಕಾರು ನಿಂತಿದೆ, ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ನಾಲ್ಕು ಸಿಲಿಂಡರ್ ಆದರೆ ಸೆಕೆಂಡಿಗೆ 20 ನೂಕು, ಹನ್ನೆರಡು ಆದರೆ 60. ಎಂಜಿನ್ ಕೂತಿರುವ ರಬ್ಬರ್ ಮೌಂಟ್‌ಗಳಿಗೆ ನಿಧಾನದ ಕಂಪನವನ್ನು ತಡೆಯುವುದು ಕಷ್ಟ, ಚುರುಕಾದ ಸಣ್ಣ ಕಂಪನವನ್ನು ತಡೆಯುವುದು ಸುಲಭ. ಹೀಗೆ ಹುಟ್ಟುವ ಕಂಪನವೇ ಕಮ್ಮಿ, ಹುಟ್ಟಿದ್ದೂ ರಬ್ಬರ್‌ನಲ್ಲೇ ಇಂಗಿಹೋಗುತ್ತದೆ. ಓಡುತ್ತಿರುವ ವಿ-12 ಎಂಜಿನ್ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುವುದು ಕಾರು ಹುಚ್ಚಿನವರ ಹಳೆಯ ಆಟ. ಅದರ ಹಿಂದಿರುವುದು ಇಷ್ಟೇ ಗಣಿತ.

ಈ ಎಂಜಿನ್ನಿನ ಎರಡು ಸಾಲುಗಳನ್ನು ನೋಡಿಕೊಳ್ಳಲು ಎರಡು ಬೇರೆ ಬೇರೆ ಕಂಪ್ಯೂಟರ್‌ಗಳಿವೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯ ಆರು ಸಿಲಿಂಡರ್‌ಗಳಲ್ಲೇ ಕಾರು ಮುಂದೆ ಹೋಗುತ್ತದೆ. ಪ್ರಧಾನಿಯನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಲ್ಲುವ ಹಾಗಿಲ್ಲವಲ್ಲ! ಶಕ್ತಿ ಮಾತ್ರ ಕಾಗದದ ಮೇಲೆ 280 ಅಶ್ವಶಕ್ತಿ. ಆಗ ಜಪಾನಿನ ಕಾರು ಕಂಪನಿಗಳು ಅದಕ್ಕಿಂತ ಜಾಸ್ತಿ ಹೇಳಿಕೊಳ್ಳುವುದಿಲ್ಲ ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. 2004ರಲ್ಲಿ ಆ ಕಟ್ಟು ಸಡಿಲವಾಯಿತು. ಸೆಂಚುರಿಯ ಅಂಕಿ ಆಮೇಲೂ ಅಲ್ಲೇ ನಿಂತಿತು. ಯಾರಿಗೆ ತೋರಿಸಬೇಕಿತ್ತು?

ಎಂಜಿನ್ ಸುಮ್ಮನಾದರೂ ರಸ್ತೆ ಸುಮ್ಮನಿರುವುದಿಲ್ಲ. ಕೂತ ಮನುಷ್ಯನ ಮೈಗೆ ಮೇಲೆ ಕೆಳಗಿನ ಕುಲುಕಾಟದಲ್ಲಿ ಹೆಚ್ಚು ಹಿಂಸೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲ ಆಗುವಂಥದ್ದು. ಹೊಟ್ಟೆ, ಎದೆಯ ಭಾಗಗಳು ಸರಿಸುಮಾರು ಆ ವೇಗಕ್ಕೆ ತಾವೂ ಕುಣಿಯತೊಡಗುತ್ತವೆ. ಇತ್ತ ತೀರಾ ನಿಧಾನಕ್ಕೆ, ಸೆಕೆಂಡಿಗೆ ಅರ್ಧ ಸಲಕ್ಕಿಂತ ಕಮ್ಮಿ ತೂಗಿದರೆ ಹಡಗಿನಲ್ಲಿ ಕೂತವರಿಗೆ ಆಗುವಂತೆ ವಾಂತಿ ಬರುತ್ತದೆ. ಹಾಗಾಗಿ ಮೆತ್ತನೆಯ ಕಾರುಗಳನ್ನು ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ ತೂಗುವ ಹಾಗೆ ಮಾಡುತ್ತಾರೆ. ಕಬ್ಬಿಣದ ಸ್ಪ್ರಿಂಗ್ ಆದರೆ ಒಬ್ಬರು ಕೂತಾಗ ಒಂದು ಲೆಕ್ಕ, ನಾಲ್ವರು ಕೂತಾಗ ಇನ್ನೊಂದು. 1997ರ ಸೆಂಚುರಿಯಲ್ಲಿ ನಾಲ್ಕೂ ಚಕ್ರಕ್ಕೆ ಗಾಳಿ ಸ್ಪ್ರಿಂಗ್ ಹಾಕಿದರು. ಭಾರ ಹೆಚ್ಚಾದರೆ ಒಳಗಿನ ಗಾಳಿಯ ಒತ್ತಡ ಹೆಚ್ಚಾಗುತ್ತದೆ, ಸ್ಪ್ರಿಂಗೂ ಅಷ್ಟೇ ಬಿಗಿಯಾಗುತ್ತದೆ, ತೂಗುವ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇನ್ನು ಸೀಟು. ದುಬಾರಿ ಕಾರು ಅಂದರೆ ಚರ್ಮದ ಸೀಟು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸೆಂಚುರಿಯಲ್ಲಿ ಚರ್ಮ ಬೇಕಾದವರಿಗೆ ಕೊಡುತ್ತಾರೆ, ಆದರೆ ಅದರ ಗುರುತು ಉಣ್ಣೆ ಬಟ್ಟೆಯ ಸೀಟು. ಚರ್ಮ ಚಳಿಗಾಲದಲ್ಲಿ ಮುಟ್ಟಿದರೆ ತಣ್ಣಗೆ, ಬೇಸಿಗೆಯಲ್ಲಿ ಅಂಟಂಟು. ಕೂತು ಮಿಸುಕಾಡಿದರೆ ಕಿರ್ ಅನ್ನುತ್ತದೆ. ಉಣ್ಣೆ ಸದ್ದು ಮಾಡುವುದಿರಲಿ, ಬೇರೆ ಸದ್ದನ್ನೂ ನುಂಗುತ್ತದೆ. ಸದ್ದು ಅಂದರೆ ಗಾಳಿಯ ಅಲುಗಾಟ ತಾನೆ? ಆ ಗಾಳಿ ಎಳೆಗಳ ನಡುವಿನ ಸಂದಿಗಳಲ್ಲಿ ನುಗ್ಗಿ ಹೊರಡುವಾಗ ತಿಕ್ಕಾಟಕ್ಕೆ ಸಿಕ್ಕಿ, ಅದರ ಶಕ್ತಿ ಬಿಸಿಯಾಗಿ ಕರಗುತ್ತದೆ. ನುಣುಪಾದ ಚರ್ಮದ ಮೇಲೆ ಬಿದ್ದ ಸದ್ದು ಬಹುಪಾಲು ವಾಪಸ್ ಪುಟಿಯುತ್ತದೆ. ಉಣ್ಣೆ ಬೆವರಿನ ಆವಿಯನ್ನೂ ಎಳೆಯೊಳಕ್ಕೆ ಹೀರಿಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಅಂದಹಾಗೆ, ಸಾಕಿಚಿ ಟೊಯೊಡಾ ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. ನೂಲು ಕಡಿದರೆ ತಾನಾಗೇ ನಿಂತುಬಿಡುವ ಮಗ್ಗದಿಂದ ಹೆಸರು ಮಾಡಿದ. ಅವನ ನೆನಪಿನ ಕಾರಿನಲ್ಲಿ ನೇಯ್ದ ಬಟ್ಟೆಯ ಸೀಟು ಇರುವುದು ಸರಿಯಾಗಿಯೇ ಇದೆ.

ಈಗ ಹೊರಗೆ ಬನ್ನಿ, ಬಣ್ಣ ನೋಡೋಣ. ಕಪ್ಪು ಬಣ್ಣದ ಸೆಂಚುರಿ ಪಕ್ಕ ನಿಂತರೆ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಬೇರೆ ಹೊಸ ಕಪ್ಪು ಕಾರುಗಳೂ ಹೊಳೆಯುತ್ತವೆ, ಆದರೆ ಅವುಗಳಲ್ಲಿ ಟ್ಯೂಬ್‌ಲೈಟಿನ ಬಿಂಬ ನೋಡಿ. ಅಂಚು ನೇರವಾಗಿರುವುದಿಲ್ಲ, ಸಣ್ಣಗೆ ನಡುಗಿದಂತೆ ಇರುತ್ತದೆ. ಸ್ಪ್ರೇ ಮಾಡಿದ ಬಣ್ಣ ಹನಿಹನಿಯಾಗಿ ಬಂದು ಕೂರುತ್ತದೆ. ಆಮೇಲೆ ಹರಡಿ ಮಟ್ಟವಾಗಬೇಕು. ಪೂರ್ತಿ ಮಟ್ಟವಾಗುವಷ್ಟರಲ್ಲಿ ಅದರಲ್ಲಿದ್ದ ದ್ರಾವಕ ಆರಿ ಬಣ್ಣ ಗಟ್ಟಿಯಾಗುತ್ತದೆ. ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು ಉಳಿಯುತ್ತದೆ. ಬಿಳಿ ಕಾರಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬಿಳಿ ಬಣ್ಣ ಒಳಗಿನಿಂದಲೇ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ಮೇಲ್ಮೈಯ ಬಿಂಬ ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪು ಒಳಹೋದ ಬೆಳಕನ್ನೆಲ್ಲ ನುಂಗುತ್ತದೆ. ಕಣ್ಣಿಗೆ ಸಿಗುವುದು ಮೇಲ್ಮೈಯಿಂದ ಬಂದ ಬಿಂಬ ಒಂದೇ. ಅದರಲ್ಲಿ ತಪ್ಪಿದ್ದರೆ ಮುಚ್ಚಿಡಲು ಜಾಗವೇ ಇಲ್ಲ.

2018ರಲ್ಲಿ ಬಂದ ಮೂರನೇ ತಲೆಮಾರಿನ ಕಪ್ಪು ಸೆಂಚುರಿಗೆ ಏಳು ಪದರ ಬಣ್ಣ. ನಡುನಡುವೆ ಮೂರು ಸಲ ನೀರು ಹಾಕಿಕೊಂಡು ಉಜ್ಜಿ ಉಬ್ಬುಗಳನ್ನು ಸವೆಸುತ್ತಾರೆ. ಕೊನೆಗೆ ಕನ್ನಡಿಯ ಹೊಳಪು ಬರುವ ತನಕ ಪಾಲಿಶ್. ಮುಂದಿನ ಗ್ರಿಲ್ ಮೇಲಿರುವ ಫೀನಿಕ್ಸ್ ಹಕ್ಕಿಯ ಅಚ್ಚನ್ನು ಕುಶಲಕರ್ಮಿಗಳು ಕೈಯಲ್ಲೇ ಕೆತ್ತುತ್ತಾರೆ, ಅದಕ್ಕೆ ಸುಮಾರು ಒಂದೂವರೆ ತಿಂಗಳು ಹಿಡಿಯುತ್ತದೆ. ಇಷ್ಟೆಲ್ಲ ಮಾಡಿಯೂ ಟೊಯೊಟಾದ ಮಾಮೂಲಿ ಲೋಗೋ ಮುಂದುಗಡೆ ಎಲ್ಲೂ ಇಲ್ಲ.

ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ, ಇನೋವಾ ಬೇಕಾದಷ್ಟು ನೋಡಿದ್ದೇವೆ. ಆದರೆ ಈ ಸೆಡಾನ್ ಭಾರತದ ಶೋರೂಮಿಗೆ ಬಂದದ್ದಿಲ್ಲ. ಜಪಾನ್ ಬಿಟ್ಟು ಹೊರಗೆ ಹೋದದ್ದೇ ಕಡಿಮೆ. ಹಾಗಿದ್ದೂ ಇದರ ಅಭಿಮಾನಿಗಳು ಎಲ್ಲೆಲ್ಲೋ ಇದ್ದಾರೆ, ಅದಕ್ಕೆ ಜಪಾನಿನ ತೆರಿಗೆ ಪದ್ಧತಿಯೂ ಒಂದು ಕಾರಣ. ಅಲ್ಲಿ ಕಾರಿನ ವರ್ಷದ ತೆರಿಗೆ ಎಂಜಿನ್ ಗಾತ್ರದ ಮೇಲೆ ಹೋಗುತ್ತದೆ. 5 ಲೀಟರ್ ಎಂಜಿನ್ನಿಗೆ ವರ್ಷಕ್ಕೆ 88,000 ಯೆನ್ ಇತ್ತು. ಪೆಟ್ರೋಲ್ ಕಾರಿಗೆ ಹದಿಮೂರು ವರ್ಷ ದಾಟಿದರೆ ಇನ್ನೂ ಸುಮಾರು ಶೇಕಡಾ 15 ಜಾಸ್ತಿ. ಹಳೇ ಸೆಂಚುರಿ ಇಟ್ಟುಕೊಳ್ಳುವುದು ಅಲ್ಲಿ ಹೊರೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಬೆಲೆ ಕುಸಿಯುತ್ತದೆ. ಅತ್ತ ಅಮೆರಿಕದಲ್ಲಿ 25 ವರ್ಷ ಮೀರಿದ ಹೊರದೇಶದ ಕಾರನ್ನು ಅಲ್ಲಿನ ಸುರಕ್ಷಾ ನಿಯಮಗಳ ತಕರಾರಿಲ್ಲದೆ ತರಿಸಿಕೊಳ್ಳಬಹುದು. 1997ರ ವಿ-12 ಸೆಂಚುರಿಗೆ ಆ ಬಾಗಿಲು 2022ರಲ್ಲಿ ತೆರೆಯಿತು. ಒಬ್ಬ ಅಧ್ಯಕ್ಷರ ಕಾರು, ನುರಿತ ಡ್ರೈವರ್ ಓಡಿಸಿದ್ದು, ಹೊತ್ತುಹೊತ್ತಿಗೆ ಸರ್ವೀಸ್ ಆದದ್ದು, ಅದೂ ಕೈಗೆಟಕುವ ಬೆಲೆಗೆ. ಯಾರಿಗೆ ಬೇಡ?

ಹೊಸ ಮಾದರಿಯಲ್ಲಿ ಆ ವಿ-12 ಇಲ್ಲ. 5 ಲೀಟರಿನ ವಿ-8 ಜೊತೆಗೆ ಎಲೆಕ್ಟ್ರಿಕ್ ಮೋಟರ್ ಇರುವ ಹೈಬ್ರಿಡ್ ಬಂತು. ಹಳಬರು ಗೊಣಗಿದರು. (2023ರಲ್ಲಿ ಎಸ್‌ಯುವಿ ಆಕಾರದ್ದೂ ಒಂದು ಬಂದಿದೆ, ಅದನ್ನು ಸೆಂಚುರಿ ಅನ್ನೋಕೆ ನನಗಿನ್ನೂ ಬಾಯಿ ಬರುತ್ತಿಲ್ಲ.) ಆದರೆ ಸದ್ದಡಗಿಸುವುದೇ ಗುರಿಯಾದರೆ ಮೋಟರಿನ ಮುಂದೆ ಹನ್ನೆರಡು ಸಿಲಿಂಡರ್ ನಿಲ್ಲುವುದಿಲ್ಲ. ಮೋಟರಿನಲ್ಲಿ ಹೋಗಿ ಬರುವ ಭಾಗವೇ ಇಲ್ಲ, ತಿರುಗುವುದಷ್ಟೇ. ನಿಧಾನವಾಗಿ ಹೊರಡುವಾಗ ಎಂಜಿನ್ ಏಳುವುದೇ ಬೇಕಿಲ್ಲ.

ಇಲ್ಲಿ ಒಂದು ಹೊಸ ತಲೆನೋವು ಹುಟ್ಟುತ್ತದೆ. ದೊಡ್ಡ ಸದ್ದು ಹೋದರೆ ಅದರ ಮರೆಯಲ್ಲಿದ್ದ ಸಣ್ಣ ಸದ್ದುಗಳೆಲ್ಲ ಕಿವಿಗೆ ಬೀಳುತ್ತವೆ. ಟೈರಿನ ಗುಂಯ್, ಗಾಳಿಯ ಸುಂಯ್. ಅದಕ್ಕೇ ಹೊಸ ಸೆಂಚುರಿಯೊಳಗೆ ಮೈಕ್‌ಗಳಿವೆ. ಅವು ಒಳಗಿನ ಸದ್ದು ಕೇಳಿಸಿಕೊಳ್ಳುತ್ತವೆ, ಸ್ಪೀಕರ್‌ಗಳು ಅದಕ್ಕೆ ತದ್ವಿರುದ್ಧವಾದ ಅಲೆ ಹೊರಡಿಸುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಇಲ್ಲವಾಗುತ್ತವೆ. ಪಿಸ್ಟನ್‌ಗಳು ಮಾಡುತ್ತಿದ್ದ ವಜಾ ಲೆಕ್ಕವನ್ನೇ ಈಗ ಕಂಪ್ಯೂಟರ್ ಮಾಡುತ್ತಿದೆ.

ಅಳೆದು ನೋಡಿದರೆ 2018ರದ್ದೇ ಮೇಲು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಎರಡರ ಬೀಗದ ಕೈಯನ್ನೂ ಮುಂದಿಟ್ಟು ಒಂದು ತಗೋ ಅಂದರೆ ಮಾತ್ರ ನಾನು ಕೈ ಹಾಕುವುದು 1997ರದ್ದಕ್ಕೇ. ಅದೂ ಉಣ್ಣೆ ಸೀಟಿನದ್ದು. ತೆರಿಗೆ ಯಾರಾದರೂ ಕಟ್ಟಲಿ.