ಪಾಪ್-ಅಪ್ ಮಾಡಿನ ಮೊದಲ ಅಡಿ ಏಕೆ ಅಷ್ಟು ಭಾರ?

ಪ್ರಶ್ನೆ: ನನ್ನ ಕ್ಯಾಂಪರ್ ವ್ಯಾನಿನ ಪಾಪ್-ಅಪ್ ಮಾಡಿಗೆ (ಮೇಲೆತ್ತುವ ಚಾವಣಿಗೆ) ಮುಂಭಾಗದಲ್ಲಿ ಕೀಲು ಇದೆ, ಹಿಂಭಾಗ ಮೇಲೇಳುತ್ತದೆ. ಮೊದಲ ಒಂದು ಅಡಿ ಎತ್ತಲು ಹೆಣಗಬೇಕು, ಆಮೇಲೆ ತಾನಾಗಿಯೇ ಏಳುತ್ತದೆ. ಈಗಿರುವ 700 ನ್ಯೂಟನ್ನಿನ ಎರಡು ಗ್ಯಾಸ್ ಸ್ಟ್ರಟ್ (ಅನಿಲದ ಒತ್ತಡದಿಂದ ಮಾಡನ್ನು ತಳ್ಳುವ ಕೊಳವೆ) ತೆಗೆದು 1,000 ನ್ಯೂಟನ್ನಿನವು ಹಾಕಲೇ? (ಕುಂಬಳೆಯ ಓದುಗರು)

ಬೇಡ. ದುಡ್ಡು ಕೊಡುವ ಮೊದಲು ಅಳತೆಪಟ್ಟಿ ಹಿಡಿದು ವ್ಯಾನಿನೊಳಗೆ ಹೋಗಿ. ಮಾಡು ಮುಚ್ಚಿರುವಾಗ ಸ್ಟ್ರಟ್ ಹೆಚ್ಚುಕಡಿಮೆ ಅಡ್ಡ ಮಲಗಿರುತ್ತದೆ. ಆಗ ಅದರ ಬಲದ ಬಹುಪಾಲು ಮಾಡನ್ನು ಎತ್ತುವುದಿಲ್ಲ, ಉದ್ದಕ್ಕೆ ತಳ್ಳುತ್ತದೆ. ಬಾಗಿಲನ್ನು ಹಿಡಿಕೆಯ ಬಳಿ ಬಿಟ್ಟು ಕೀಲಿನ ಪಕ್ಕದಲ್ಲಿ ತಳ್ಳಿದಷ್ಟೇ ಕಷ್ಟ ಅದಕ್ಕೆ. ಇಲ್ಲಿ ಲೆಕ್ಕಕ್ಕೆ ಬರುವುದು ಕೀಲಿನಿಂದ ಸ್ಟ್ರಟ್ಟಿನ ಗೆರೆಗೆ ಇರುವ ಲಂಬ ಅಂತರ.

ಮಾಡು 40 ಕಿಲೋ, ಉದ್ದ 2.4 ಮೀಟರ್, ಆ ಅಂತರ 10 ಸೆಂ.ಮೀ. ಎಂದುಕೊಳ್ಳೋಣ. 700ರ ಜೋಡಿ ಇದ್ದಾಗ ಹಿಂದಿನ ಅಂಚಿನಲ್ಲಿ ನಿಮ್ಮ ಕೈಗೆ ಬರುವ ಭಾರ ಸುಮಾರು 14 ಕಿಲೋ. 1,000ದ ಜೋಡಿ ಹಾಕಿದರೆ ಅದು ಹನ್ನೊಂದೂವರೆಗೆ ಇಳಿಯುತ್ತದೆ, ಅಷ್ಟೇ. ಬ್ರಾಕೆಟ್ ಸರಿಸಿ ಅಂತರವನ್ನು 15 ಸೆಂ.ಮೀ. ಮಾಡಿದರೆ ಹಳೆಯ ಸ್ಟ್ರಟ್ಟಿನಲ್ಲೇ ಭಾರ 11 ಕಿಲೋಗೆ ಬರುತ್ತದೆ! ಬಲ ಹೆಚ್ಚಿಸಿದರೆ ಇನ್ನೊಂದು ತೊಂದರೆಯೂ ಇದೆ: ಮಾಡು ಏಳುತ್ತಾ ಹೋದಂತೆ ಅಂತರ ಬೆಳೆಯುವುದರಿಂದ, ಮುಚ್ಚುವಾಗ ಅದನ್ನು ಜೋತುಬಿದ್ದು ಎಳೆಯಬೇಕಾಗುತ್ತದೆ. ಫೈಬರ್ ಮಾಡು ಬಾಗುತ್ತದೆ. ಬ್ರಾಕೆಟ್ ಸರಿಸುವಾಗ, ಮುಚ್ಚಿದ ಮತ್ತು ಪೂರ್ತಿ ತೆರೆದ ಎರಡೂ ಸ್ಥಿತಿಗೆ ಸ್ಟ್ರಟ್ಟಿನ ಉದ್ದ ಹೊಂದುತ್ತದೆಯೇ ಎಂದು ಮೊದಲು ಅಳೆಯಿರಿ.

ಇದೆಲ್ಲ ಮೊದಲ ದಿನದಿಂದಲೇ ಭಾರವಿದ್ದರೆ ಹೇಳುವ ಮಾತು. ಮೊದಲು ಹಗುರವಿದ್ದು ಈಚೆಗೆ ಭಾರವಾಗಿದ್ದರೆ ಕೀಲನ್ನೇ ನೋಡಿ. ಮಳೆಗಾಲ ಕಳೆದ ಮೇಲೆ ಉಪ್ಪಳದಲ್ಲಿ ಒಂದು ವ್ಯಾನಿನ ಕೀಲು ಬಿಚ್ಚಿದ್ದೆ. ಪಿನ್ನಿನ ಸುತ್ತ ಕಂದು ಪುಡಿ ಗಟ್ಟಿಯಾಗಿ ಕೂತಿತ್ತು, ಬೆರಳಿಗೆ ಉಪ್ಪಿನ ಜಿಗುಟು ಹತ್ತಿತು. ನಮ್ಮ ಕಡಲ ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಕೂಡ ಕಲೆ ಕಟ್ಟುತ್ತದೆ. ಇಲ್ಲಿನವರು ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುವ 316ಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಸ್ಟ್ರಟ್ಟಿನ ಕಡ್ಡಿಯ ಮೇಲೆ ಎಣ್ಣೆಯ ಪಸೆ ಕಂಡರೆ ಒಳಗಿನ ನೈಟ್ರೋಜನ್ ಸೋರಿರಬಹುದು, ಆಗ ಅಷ್ಟೇ ಬಲದ ಹೊಸ ಜೋಡಿ ಹಾಕಿ. ಮಾಡು ಮುಚ್ಚಿದಾಗ ಕಡ್ಡಿಯ ತುದಿ ಕೆಳಮುಖವಾಗಿರಲಿ; ಎಣ್ಣೆ ಸೀಲಿನ ಮೇಲೆ ನಿಂತು ಅದು ಒಣಗುವುದಿಲ್ಲ.

ಚಳಿಗೂ ಇದರಲ್ಲಿ ಪಾಲಿದೆ. ಉಷ್ಣತೆ 10 ಡಿಗ್ರಿ ಇಳಿದರೆ ಅನಿಲದ ಒತ್ತಡ ಶೇ. 3ಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಕಡಲತಡಿಯ ಬೇಕಲದ ಮಧ್ಯಾಹ್ನ ಹಗುರವಾಗಿ ಎದ್ದ ಮಾಡು ರಾಣಿಪುರ ಬೆಟ್ಟದ ಮುಂಜಾನೆ ಭಾರವೆನಿಸಿದರೆ ಗಾಬರಿಯಾಗಬೇಡಿ.

ಕೀಲನ್ನು ಮಾತ್ರ ಮುಂಭಾಗದಿಂದ ಹಿಂಭಾಗಕ್ಕೆ ಸರಿಸಬೇಡಿ. ಹೆದ್ದಾರಿಯಲ್ಲಿ ಚಿಲಕ ಕಳಚಿಕೊಂಡರೂ ಎದುರುಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆ. ಕೀಲು ಹಿಂದಿದ್ದರೆ ಗಾಳಿ ಒಳಹೊಕ್ಕು ಅದನ್ನು ಮೇಲೆತ್ತಿಬಿಡುತ್ತದೆ.

ಸ್ಟ್ರಟ್ ಬಿಚ್ಚುವ ಮೊದಲು ಮಾಡನ್ನು ಪೂರ್ತಿ ತೆರೆದು, ಎರಡೂ ಬದಿಗೆ ಗಟ್ಟಿ ಮರದ ಊರುಗೋಲು ಕೊಡಿ. ಜೊತೆಗೆ ಒಬ್ಬರು ಇರಲಿ.